ತಾಳಿದವರ ಆಟ

“ತಾಳಿದವನು ಬಾಳಿಯಾನು” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಶಾಲೆಯ ಪರೀಕ್ಷೆಗಳಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕಗಳನ್ನೂ ಸಂಪಾದಿಸಿದ್ದೇವೆ. ಆದರೆ ಆಟೋಟಗಳ ವಿಷಯ ಬಂದಾಗ ಮಾತ್ರ ಅದು ನಮಗೆ ಪೂರಾ ಮರೆತುಹೋಗುತ್ತದೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತೇವೆ. ಸೋತವನ ಹೆಸರು ಸಂಜೆಯೊಳಗೆ ನಮ್ಮ ನಾಲಗೆಯಿಂದ ಜಾರಿರುತ್ತದೆ. ಒಬ್ಬ ಆಟಗಾರನ ಯೋಗ್ಯತೆಯನ್ನು ಒಂದು ದಿನದ ಫಲದಿಂದ ಅಳೆಯಲಾಗದು, ಅವನು ಎಷ್ಟು ವರ್ಷ, ಎಂತಹ ಏಳುಬೀಳುಗಳ ನಡುವೆ ಕಣದಲ್ಲಿ ನಿಂತನೆಂಬುದೇ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಬೆಂಗಳೂರಿನ ಅದಿತಿ ಅಶೋಕ್ ಅವರ ಗಾಲ್ಫ್ ಜೀವನವನ್ನು ತೆಗೆದುಕೊಂಡಿದ್ದೇನೆ.

ಗಾಲ್ಫೇ ಏಕೆ ಎಂದು ವಾಚಕರು ಕೇಳಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಬರುವ ನಮಗೆ ಪರಿಚಯವಿರುವುದು ಕಬಡ್ಡಿ, ವಾಲಿಬಾಲ್ ಮತ್ತು ಕ್ರಿಕೆಟ್. ಗಾಲ್ಫ್ ಮೈದಾನವನ್ನು ಕಣ್ಣಿನಿಂದ ನೋಡಬೇಕಾದರೆ ಚಿಕ್ಕಮಗಳೂರಿನ ಬಸ್ಸು ಹತ್ತಬೇಕು. ಆದರೂ ತಾಳ್ಮೆಯ ವಿಚಾರದಲ್ಲಿ ಈ ಆಟಕ್ಕೆ ಸರಿಸಾಟಿಯಾದುದು ಇನ್ನೊಂದಿಲ್ಲ. ದಾಂಡಿನಿಂದ ಚೆಂಡನ್ನು ಹೊಡೆಯುತ್ತ ಹೋಗಿ ಹದಿನೆಂಟು ಕುಳಿಗಳಲ್ಲಿ ಒಂದೊಂದಾಗಿ ಬೀಳಿಸಬೇಕು. ಯಾರ ಹೊಡೆತಗಳು ಕಡಿಮೆಯೋ ಅವರು ಗೆದ್ದಂತೆ. ನುರಿತ ಆಟಗಾರನಿಗೆ ಇಷ್ಟು ಹೊಡೆತ ಸಾಕೆಂದು ಪ್ರತಿಯೊಂದು ಕುಳಿಗೂ ಒಂದು ಲೆಕ್ಕವಿದೆ. ಅದಕ್ಕೆ ಪಾರ್ ಎಂದು ಹೆಸರು. ದೊಡ್ಡ ಸ್ಪರ್ಧೆಗಳು ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತವೆ. ಎರಡು ದಿನಗಳಾದ ಮೇಲೆ ಹಿಂದುಳಿದವರನ್ನು ಕೈಬಿಡುತ್ತಾರೆ. ಹಾಗೆ ಹೊರಬಿದ್ದವರಿಗೆ ಬಿಡಿಗಾಸೂ ಸಿಗುವುದಿಲ್ಲವೆಂಬುದೇ ವೃತ್ತಿಪರ ಸ್ಪರ್ಧೆಗಳ ಸಾಮಾನ್ಯ ರೂಢಿ. ಎದುರಾಳಿಯು ನಮ್ಮ ಚೆಂಡನ್ನು ತಡೆಯುವುದಿಲ್ಲ, ನಮ್ಮ ಕಾಲೆಳೆಯುವುದಿಲ್ಲ. ಹೊಡೆತಗಳ ಲೆಕ್ಕಕ್ಕೆ ಆಟಗಾರನೇ ಸಹಿ ಹಾಕಿ ಒಪ್ಪಿಸಬೇಕು. ಆದ್ದರಿಂದ ಸೋತಾಗ ಅಂಪೈರನನ್ನು ಬೈದು ಸಮಾಧಾನಪಡುವ ಸೌಕರ್ಯವೂ ಈ ಆಟದಲ್ಲಿಲ್ಲ!

ಅದಿತಿ ಅಶೋಕ್ ಹುಟ್ಟಿದ್ದು 1998ರ ಮಾರ್ಚ್ ತಿಂಗಳಲ್ಲಿ. ಐದನೆಯ ವಯಸ್ಸಿನಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ದಾಂಡು ಹಿಡಿದರು. 2016ರ ಜನವರಿಯಲ್ಲಿ ವೃತ್ತಿಪರ ಆಟಗಾರ್ತಿಯಾದರು. ಅದೇ ವರ್ಷ ಹದಿನೆಂಟನೆಯ ವಯಸ್ಸಿನಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಆಡಿ 41ನೆಯ ಸ್ಥಾನವನ್ನು ಹಂಚಿಕೊಂಡರು. ಅಲ್ಲಿ ಅವರ ದಾಂಡುಗಳ ಚೀಲವನ್ನು ಹೊತ್ತು ನಡೆದವರು ಅವರ ತಂದೆಯೇ. ಅದೇ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ನಡೆದ ಮಹಿಳಾ ಇಂಡಿಯನ್ ಓಪನ್ ಗೆದ್ದು, ಯೂರೋಪಿನ ಮಹಿಳಾ ಪ್ರವಾಸಿ ಸ್ಪರ್ಧಾಮಾಲೆಯಲ್ಲಿ ಜಯ ಗಳಿಸಿದ ಮೊದಲ ಭಾರತೀಯಳೆನಿಸಿದರು. ಸ್ವಲ್ಪ ದಿನಗಳಲ್ಲೇ ಕತಾರಿನಲ್ಲಿ ಮತ್ತೊಂದು ಜಯ. 2017ರ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಮೂರನೆಯದು. ಇಷ್ಟರಲ್ಲೇ ನಿಂತಿದ್ದರೆ ಇದೊಂದು ಚುರುಕು ಹುಡುಗಿಯ ಕಥೆಯಾಗುತ್ತಿತ್ತು, ಅಷ್ಟೆ.

ನನಗೆ ಮುಖ್ಯವಾಗಿ ಕಾಣುವುದು ಮುಂದಿನ ಐದು ವರ್ಷಗಳು. 2017ರ ನವೆಂಬರಿನಿಂದ 2023ರ ಫೆಬ್ರವರಿಯವರೆಗೆ ಅವರಿಗೆ ಈ ಸ್ಪರ್ಧಾಮಾಲೆಯಲ್ಲಿ ಒಂದು ಜಯವೂ ದೊರೆಯಲಿಲ್ಲ. ಅಮೆರಿಕದ ಸ್ಪರ್ಧೆಗಳಲ್ಲಿ ಪ್ರಪಂಚದ ಅತಿ ಬಲಿಷ್ಠ ಆಟಗಾರ್ತಿಯರ ನಡುವೆ ಆಡುತ್ತಿದ್ದರು. ಅವರ ಮೊದಲ ಹೊಡೆತ ಇತರರದಷ್ಟು ದೂರ ಹೋಗುತ್ತಿರಲಿಲ್ಲ. ಈ ಕೊರತೆಯನ್ನು ಅವರು ಕುಳಿಯ ಬಳಿಯ ಕಿರು ಹೊಡೆತಗಳಿಂದ, ಅಂದರೆ ಹುಲ್ಲಿನ ಏರುತಗ್ಗುಗಳನ್ನು ಓದಿ ಚೆಂಡನ್ನು ಮೆಲ್ಲನೆ ಉರುಳಿಸುವ ಚಾತುರ್ಯದಿಂದ ತುಂಬಿಕೊಳ್ಳಬೇಕಾಗಿತ್ತು. ಬಲವಿಲ್ಲದೆಡೆ ಬುದ್ಧಿ, ಬುದ್ಧಿಯೂ ಸೋತೆಡೆ ಸಹನೆ. ಹೀಗೆ ಐದು ವರ್ಷ!

ಟೋಕಿಯೋ ಒಲಿಂಪಿಕ್ಸ್ ಬಂದದ್ದು ಈ ಬರಗಾಲದ ನಡುವೆಯೇ. 2021ರ ಆಗಸ್ಟಿನಲ್ಲಿ ಅವರು ಕಣಕ್ಕಿಳಿದಾಗ ವಿಶ್ವದ ಶ್ರೇಯಾಂಕದಲ್ಲಿ ಅವರದು 200ನೆಯ ಸ್ಥಾನ. ಕೆಲವೇ ತಿಂಗಳ ಹಿಂದೆ ಕೋವಿಡ್ ತಗುಲಿ ದೇಹಬಲವೂ ಕುಂದಿತ್ತು. ಈ ಬಾರಿ ಚೀಲ ಹೊತ್ತವರು ತಾಯಿ. ಮೂರು ದಿನಗಳ ಆಟ ಮುಗಿದಾಗ ಅದಿತಿ ಎರಡನೆಯ ಸ್ಥಾನದಲ್ಲಿದ್ದರು. ಗಾಲ್ಫ್ ಎಂದರೇನೆಂದು ತಿಳಿಯದ ಲಕ್ಷಾಂತರ ಮಂದಿ ಆಗಸ್ಟ್ 7ರ ಬೆಳಗ್ಗೆ ದೂರದರ್ಶನದ ಮುಂದೆ ಕುಳಿತು ಪಾರ್ ಎಂದರೇನೆಂದು ಪರಸ್ಪರ ಕೇಳಿಕೊಂಡರು. ಕೊನೆಗೆ ಅವರ ಒಟ್ಟು ಹೊಡೆತಗಳು 269, ಪಾರ್ ಲೆಕ್ಕಕ್ಕಿಂತ 15 ಕಡಿಮೆ. ಅಮೆರಿಕದ ನೆಲ್ಲಿ ಕೋರ್ಡಾ 17 ಕಡಿಮೆ ಹೊಡೆತಗಳಿಂದ ಚಿನ್ನ ಗೆದ್ದರು. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 16 ಕಡಿಮೆಯಲ್ಲಿ ಸಮನಾಗಿ ನಿಂತರು. ಒಂದೇ ಒಂದು ಹೊಡೆತದ ಅಂತರದಲ್ಲಿ ಅದಿತಿ ನಾಲ್ಕನೆಯವರಾದರು. ಅದೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆತದಲ್ಲಿ ಚಿನ್ನ ಗೆದ್ದರು. ದೇಶವೆಲ್ಲ ಸಂಭ್ರಮಿಸಿತು. ಅದು ನ್ಯಾಯವೇ. ಆದರೆ ನಾಲ್ಕನೆಯ ಸ್ಥಾನ ಬೆಳಗಿನ ಸುದ್ದಿಯಾಗಿಯೇ ಉಳಿಯಿತು.

ನಾಲ್ಕನೆಯ ಸ್ಥಾನದ ನೋವು ನಮ್ಮ ದೇಶಕ್ಕೆ ಹೊಸದಲ್ಲ. 1960ರಲ್ಲಿ ರೋಮಿನಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಪಿ. ಟಿ. ಉಷಾ ಇದನ್ನೇ ಉಂಡವರು. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ವಿಚಿತ್ರವೆಂದರೆ ಮಿಲ್ಖಾ ಸಿಂಗರ ಮಗ ಜೀವ್ ಮಿಲ್ಖಾ ಸಿಂಗ್ ಹಿಡಿದದ್ದು ಗಾಲ್ಫ್ ದಾಂಡು. ಅವರು 1993ರಲ್ಲಿ ವೃತ್ತಿಪರರಾದರು. 1999ರ ಜಯದ ನಂತರ ಏಳು ವರ್ಷ ಬರಿಗೈ. 2006ರಲ್ಲಿ ಚೀನಾ ಓಪನ್ ಗೆದ್ದರು, ಅದೇ ವರ್ಷ ಸ್ಪೇನಿನಲ್ಲಿ ವೋಲ್ವೋ ಮಾಸ್ಟರ್ಸ್ ಗೆದ್ದರು. 2012ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಸ್ಕಾಟಿಷ್ ಓಪನ್ ಗೆದ್ದರು. 2005ರಲ್ಲಿ ಯಾರಾದರೂ ಅವರ ಯೋಗ್ಯತೆಗೆ ಕೊನೆಯ ಷರಾ ಬರೆದಿದ್ದರೆ ಆ ಷರಾ ಎಷ್ಟು ಸುಳ್ಳಾಗುತ್ತಿತ್ತೆಂಬುದನ್ನು ಯೋಚಿಸಿ ನೋಡಿ.

ಅದಿತಿಯವರೂ ಅಷ್ಟೆ. 2023ರ ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದು ಬರಗಾಲವನ್ನು ಮುಗಿಸಿದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮೂರನೆಯ ದಿನ ಬರೇ 61 ಹೊಡೆತಗಳಲ್ಲಿ ಹದಿನೆಂಟು ಕುಳಿಗಳನ್ನು ಮುಗಿಸಿ ಏಳು ಹೊಡೆತಗಳ ಮುನ್ನಡೆ ಗಳಿಸಿದರು. ಮರುದಿನ ಅದೇ ಮೈದಾನದಲ್ಲಿ ಅವರಿಗೆ 77 ಹೊಡೆತಗಳು ಬೇಕಾದವು! ಕೈಗೆ ಬಂದ ಚಿನ್ನ ಜಾರಿ ಬೆಳ್ಳಿಯಾಯಿತು. ಆ ಬೆಳ್ಳಿಯೂ ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬರಿಗೆ ದೊರೆತ ಮೊದಲ ವೈಯಕ್ತಿಕ ಪದಕವೆಂಬುದನ್ನು ಹೇಳುವವರು ಕಡಿಮೆ, ಚಿನ್ನ ಕಳೆದುಕೊಂಡರೆಂದು ಹೇಳುವವರೇ ಹೆಚ್ಚು. ಅವರು ಮಾತ್ರ ಎರಡು ತಿಂಗಳೊಳಗೆ ಸ್ಪೇನಿಗೆ ಹೋಗಿ ಅಲ್ಲಿಯ ಓಪನ್ ಪಂದ್ಯಾವಳಿಯನ್ನು ಗೆದ್ದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮೂರನೆಯ ಒಲಿಂಪಿಕ್ಸನ್ನೂ ಆಡಿದರು. ಅಲ್ಲಿ ದೊರೆತದ್ದು 29ನೆಯ ಸ್ಥಾನ. ಈ ಏರಿಳಿತಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಮಾತ್ರ ಆಟಗಾರ್ತಿಯ ಎತ್ತರ ನಮಗೆ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. “ಅದು ಸಿರಿವಂತರ ಆಟ. ಹದಿನೆಂಟು ಕುಳಿಗಳ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆಗೂ ಮಿಕ್ಕಿ ಜಾಗ ಬೇಕು. ಅಂತಹ ಆಟದಿಂದ ಅಡಿಕೆ ತೋಟದ ಮಕ್ಕಳು ಕಲಿಯುವುದೇನು?” ಎಂದು ಸ್ನೇಹಿತರೊಬ್ಬರು ನನ್ನೊಡನೆ ವಾದಿಸಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ತಂದೆತಾಯಿಗಳಿಬ್ಬರೂ ಮಗಳೊಡನೆ ದೇಶದೇಶ ಸುತ್ತಿ ಚೀಲ ಹೊರುವ ಅನುಕೂಲ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆದರೆ ಉಳಿದರ್ಧವನ್ನೂ ನೋಡಬೇಕು. 1964ರಲ್ಲಿ ಆರಂಭವಾದ ಇಂಡಿಯನ್ ಓಪನ್ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ದೆಹಲಿಯ ಅಲಿ ಶೇರ್. 1991ರಲ್ಲಿ ಗೆದ್ದ ಅವರು ಮೊದಲು ಇತರರ ಚೀಲ ಹೊರುವ ಕ್ಯಾಡಿಯಾಗಿದ್ದರು. 2009ರಲ್ಲಿ ಅದೇ ಪಂದ್ಯಾವಳಿಯನ್ನು ಗೆದ್ದವರು ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ. ಅವರೂ ಕ್ಯಾಡಿಯಾಗಿಯೇ ಆಟಕ್ಕೆ ಬಂದವರು. ಪ್ರತಿಭೆ ಬೇಲಿಯ ಎರಡು ಕಡೆಯೂ ಇರುತ್ತದೆ; ಒಳಗೆ ಬರಲು ಒಂದು ಕಿಂಡಿ, ಬಂದ ಮೇಲೆ ನಿಲ್ಲಲು ಒಂದಿಷ್ಟು ಕಾಲ, ಇವೆರಡೂ ಬೇಕು. ಈ ಎರಡನೆಯದನ್ನು ಕೊಡಲು ನೂರು ಎಕರೆ ಬೇಕಾಗಿಲ್ಲ.

ಹಾಗೆ ನೋಡಿದರೆ ತಾಳ್ಮೆಯ ಪಾಠವನ್ನು ನಮ್ಮ ಸೀಮೆಗೆ ಹೊರಗಿನವರು ಬಂದು ಹೇಳಬೇಕಾದುದಿಲ್ಲ. ಅಡಿಕೆ ಸಸಿ ನೆಟ್ಟು ಮೂರು ವರ್ಷವಾದರೂ ಹಿಂಗಾರ ಬರಲಿಲ್ಲವೆಂದು ಗಿಡ ಕಡಿಯುವವರನ್ನು ನಾನು ನೋಡಿಲ್ಲ. ಮಳೆಗಾಲದಲ್ಲಿ ಕೊಳೆರೋಗ ಬಂದು ಫಸಲು ಉದುರಿದರೂ ಮರುವರ್ಷ ಮತ್ತೆ ಬೋರ್ಡೋ ದ್ರಾವಣ ಕಾಸಿ ಅಲ್ಲ, ಕಲಸಿ, ಮರವೇರಿ ಸಿಂಪಡಿಸುತ್ತಾರೆ. ಹಳದಿ ಎಲೆ ರೋಗ ದಶಕಗಳಿಂದ ಈ ಮೂರು ತಾಲ್ಲೂಕುಗಳ ತೋಟಗಳನ್ನು ತಿನ್ನುತ್ತಿದ್ದರೂ ಬೇಸಾಯ ಬಿಡದವರು ಇದ್ದಾರೆ. ಗಿಡಕ್ಕೆ ತೋರಿಸುವ ಈ ಸಹನೆಯನ್ನು ಮನೆಯ ಮಕ್ಕಳ ಆಟಕ್ಕೆ ಏಕೆ ತೋರಿಸುವುದಿಲ್ಲ?

ಈ ಪ್ರಶ್ನೆ ವಿಶೇಷವಾಗಿ ನಮ್ಮ ವಿದ್ಯಾರ್ಥಿನಿಯರಿಗೆ ಸಂಬಂಧಿಸಿದ್ದು. ತಾಲ್ಲೂಕು ಮಟ್ಟದಲ್ಲಿ ಗಾಳಿಯಂತೆ ಓಡುವ ಹುಡುಗಿಯರು ನಮ್ಮಲ್ಲಿದ್ದಾರೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮೈದಾನ ಕೆರೆಯಾಗಿರುತ್ತದೆ. ನೀರು ಬತ್ತುವಷ್ಟರಲ್ಲಿ ಪರೀಕ್ಷೆ ಹತ್ತಿರ ಬರುತ್ತದೆ. ಒಮ್ಮೆ ಜಿಲ್ಲಾ ಮಟ್ಟದಲ್ಲಿ ನಾಲ್ಕನೆಯವಳಾಗಿ ಬಂದರೆ, “ಇನ್ನು ಸಾಕು, ಓದಿನ ಕಡೆ ನೋಡು” ಎಂಬ ಮಾತು ಮನೆಯಲ್ಲೂ ಕೇಳಿಸುತ್ತದೆ, ಕಾಲೇಜಿನಲ್ಲೂ ಕೇಳಿಸುತ್ತದೆ. ಪದವಿ ಮುಗಿದ ದಿನ ಬೂಟು ಅಟ್ಟ ಸೇರುತ್ತದೆ. ಇಪ್ಪತ್ತೊಂದನೆಯ ವಯಸ್ಸಿಗೆ ಆಟ ಮುಗಿಯಿತು! ಅದಿತಿ ಅಶೋಕ್ ಅವರ ಆ ಐದು ವರ್ಷಗಳ ಬರಗಾಲ ಆರಂಭವಾದಾಗ ಅವರಿಗೆ ಹತ್ತೊಂಬತ್ತು ವರ್ಷ. ಅವರ ಮನೆಯವರೂ “ಇನ್ನು ಸಾಕು” ಎಂದಿದ್ದರೆ ಟೋಕಿಯೋದ ನಾಲ್ಕು ದಿನಗಳು ನಡೆಯುತ್ತಲೇ ಇರಲಿಲ್ಲ.

ಬರಿಯ ಉಪದೇಶದಿಂದ ಪ್ರಯೋಜನವಿಲ್ಲವಾದ್ದರಿಂದ ಮೂರು ಸಲಹೆಗಳನ್ನು ಅಧ್ಯಾಪಕವರ್ಗದ ಮುಂದೆ ವಿನಯದಿಂದ ಇಡುತ್ತೇನೆ. ಮೊದಲನೆಯದು, ಕಾಲೇಜಿನ ಮೈದಾನವು ಸಾಯಂಕಾಲ ಹಳೆಯ ವಿದ್ಯಾರ್ಥಿನಿಯರಿಗೂ ತೆರೆದಿರಲಿ. ಪದವಿಪತ್ರದೊಂದಿಗೆ ಅವರನ್ನು ಗೇಟಿನಿಂದಾಚೆ ಕಳುಹಿಸುವುದು ಬೇಡ. ಎರಡನೆಯದು, ಮಳೆಗಾಲದ ತಿಂಗಳುಗಳಲ್ಲಿ ಅಭ್ಯಾಸಕ್ಕಾಗಿ ಸಭಾಭವನವನ್ನು ವಾರಕ್ಕೆ ಎರಡು ಸಂಜೆಯಾದರೂ ಬಿಟ್ಟುಕೊಡಲಿ. ಮೂರನೆಯದಕ್ಕೆ ಹಣದ ಅಗತ್ಯವೇ ಇಲ್ಲ. ಈ ವಾರ್ಷಿಕ ಸಂಚಿಕೆಯ ಕ್ರೀಡಾ ವರದಿಯಲ್ಲಿ ಬಹುಮಾನ ಗಳಿಸಿದವರ ಹೆಸರುಗಳ ಕೆಳಗೆ, ಮೂರು ವರ್ಷವೂ ತಪ್ಪದೆ ಕಣಕ್ಕಿಳಿದವರ ಹೆಸರುಗಳನ್ನೂ ಅಚ್ಚುಮಾಡಬೇಕು. ಕಪ್ಪುಬಿಳುಪಿನಲ್ಲಿ ಒಂದು ಸಾಲು. ಆ ಸಾಲನ್ನು ಮನೆಯಲ್ಲಿ ತೋರಿಸಿ ಇನ್ನೊಂದು ವರ್ಷ ಕೇಳಿಕೊಳ್ಳುವ ಹುಡುಗಿ ಒಬ್ಬಳಾದರೂ ಇದ್ದಾಳೆಂದು ನಾನು ನಂಬಿದ್ದೇನೆ.

ಗೆಲುವು ಯಾರ ಕೈಯಲ್ಲೂ ಇಲ್ಲ. ಹಾಂಗ್‌ಝೌನಲ್ಲಿ ಏಳು ಹೊಡೆತಗಳ ಮುನ್ನಡೆಯೂ ಒಂದು ರಾತ್ರಿಯಲ್ಲಿ ಕರಗಿತು. ಮರುದಿನ ಚೀಲ ಎತ್ತಿಕೊಂಡು ಮುಂದಿನ ಮೈದಾನಕ್ಕೆ ನಡೆಯುವುದು ಮಾತ್ರ ಆಟಗಾರರ ಕೈಯಲ್ಲಿದೆ, ನಡೆಯಲು ಬಿಡುವುದು ನಮ್ಮೆಲ್ಲರ ಕೈಯಲ್ಲಿದೆ. ನಮ್ಮ ಕಾಲೇಜಿನಿಂದ ಒಲಿಂಪಿಕ್ಸಿಗೆ ಯಾರೂ ಹೋಗದಿರಬಹುದು. ಮೂವತ್ತರ ವಯಸ್ಸಿನಲ್ಲೂ ಆಡುತ್ತಿರುವ ಹತ್ತು ಮಂದಿ ಹೆಂಗಸರು ಈ ಮೂರು ತಾಲ್ಲೂಕುಗಳಲ್ಲಿ ಕಾಣಸಿಕ್ಕರೂ ಅದು ಸಣ್ಣ ಸಾಧನೆಯಲ್ಲ.