ಮೂರು ವಾರಕ್ಕೊಂದು ಚುಚ್ಚುಮದ್ದು ಊರಲ್ಲೇ ಸಿಗಲಿ

ಮಳೆಗಾಲದಲ್ಲಿ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಮಕ್ಕಳ ಗಂಟಲು ನೋವಿಗೆ ಮೊದಲು ಕಾಳುಮೆಣಸಿನ ಕಷಾಯ, ಆಮೇಲೆ ಮೆಡಿಕಲ್‌ನಿಂದ ತಂದ ಸಿರಪ್. ಹೆಚ್ಚಿನವು ವೈರಸ್‌ನ ಬಾಧೆ, ಅಷ್ಟರಲ್ಲೇ ವಾಸಿಯಾಗುತ್ತವೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಹೊಕ್ಕಿದ್ದರೆ ಮಾತೇ ಬೇರೆ.

ಗಂಟಲು ಸರಿಹೋಗಿ ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ಮೊಣಕಾಲು ಊದುತ್ತದೆ. ಅದು ಇಳಿಯುವಷ್ಟರಲ್ಲಿ ನೋವು ಪಾದದ ಗಂಟಿಗೋ ಮೊಣಕೈಗೋ ಹಾರಿರುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನು ಹೃದಯದ ಅಂಗಾಂಶವನ್ನು ಹೋಲುವುದರಿಂದ, ರೋಗ ನಿರೋಧಕ ವ್ಯವಸ್ಥೆ ಸ್ವಂತ ಹೃದಯದ ಮೇಲೇ ಎರಗುತ್ತದೆ. ಇದು ರುಮ್ಯಾಟಿಕ್ ಜ್ವರ; 5ರಿಂದ 15 ವರ್ಷದವರಲ್ಲಿ ಹೆಚ್ಚು. ಕೀಲುನೋವು ಗುರುತುಳಿಸದೆ ಹೋಗುತ್ತದೆ, ಹೃದಯದ ಕವಾಟಕ್ಕಾದ ಗಾಯ ಹೋಗದು. ಮೈಟ್ರಲ್ ಕವಾಟ ಕಿರಿದಾಗಿದೆ ಎಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ತಿಳಿಯುವುದು ಬಸುರಿನಲ್ಲಿ ಏದುಸಿರು ಬಂದಾಗ.

ಇದೇ ಬ್ಯಾಕ್ಟೀರಿಯಾ ಚರ್ಮದ ಕೀವುಹುಣ್ಣಿನಿಂದ ಬಂದರೆ ಕಿಡ್ನಿಗೂ ಪೆಟ್ಟು ಕೊಡಬಹುದು. ಬೆಳಿಗ್ಗೆ ಮುಖ ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು.

ರುಮ್ಯಾಟಿಕ್ ಜ್ವರ ಒಮ್ಮೆ ಬಂದವರಿಗೆ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಬೆಂಜಥೈನ್ ಪೆನ್ಸಿಲಿನ್ ಕೊಡಬೇಕು, ಅದೂ ವರ್ಷಗಟ್ಟಲೆ. ಉಗಾಂಡದಲ್ಲಿ ಲಕ್ಷಣವಿಲ್ಲದ ಆರಂಭಿಕ ಕವಾಟ ದೋಷದ 818 ಮಕ್ಕಳ ಅಧ್ಯಯನ ನಡೆಯಿತು. ಎರಡು ವರ್ಷದಲ್ಲಿ ರೋಗ ಮುಂದುವರಿದದ್ದು ಚುಚ್ಚುಮದ್ದು ಪಡೆದವರಲ್ಲಿ ಶೇ. 0.8, ಪಡೆಯದವರಲ್ಲಿ ಶೇ. 8.2.

ಇಷ್ಟು ಫಲ ಕೊಡುವ ಹಳೆಯ, ಅಗ್ಗದ ಮದ್ದು ಮನೆಯ ಹತ್ತಿರ ಸಿಗಲೇಬೇಕು. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ನೆಲೆಸಿವೆ. ನಸುಕಿನಲ್ಲೇ ಟ್ಯಾಪಿಂಗ್‌ಗೆ ಹೊರಡುವ ತಾಯಿ ಮಗುವಿನ ಚುಚ್ಚುಮದ್ದಿಗೆಂದು ಮಂಗಳೂರಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆಗಳಲ್ಲಿ ಈ ಸೋಂಕು ಬೇಗ ಹರಡುತ್ತದೆ ಎಂಬುದನ್ನೂ ಗಮನಿಸಬೇಕು.

ಪೆನ್ಸಿಲಿನ್ ರಿಯಾಕ್ಷನ್ನಿನ ಭಯ ನಿಜ, ಆದರೆ ಗಂಭೀರ ಅಲರ್ಜಿ ತೀರಾ ವಿರಳ. ಅಡ್ರಿನಲಿನ್ ಕೈಗೆಟಕುವಂತಿಟ್ಟು, ಸಿಬ್ಬಂದಿಗೆ ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚುಚ್ಚಬಹುದು. ಕವಾಟ ತೀವ್ರವಾಗಿ ಕೆಟ್ಟವರಿಗೆ ಮಾತ್ರ ತಜ್ಞರ ಸಲಹೆ ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಶಾಲೆಗೆ ಬರುವ ಆ ತಂಡ ಗುರುತಿಸಿದ ಮಕ್ಕಳಿಗೆ ಹೃದಯದ ಎಕೋ ಸ್ಕ್ಯಾನ್ ಆಗಬೇಕು, ಹೆಸರು ತಾಲೂಕು ನೋಂದಣಿ ಪುಸ್ತಕದಲ್ಲಿರಬೇಕು, ಮುಂದಿನ ಚುಚ್ಚುಮದ್ದಿನ ತಾರೀಕು ಆಶಾ ಕಾರ್ಯಕರ್ತೆಯ ಕೈಯಲ್ಲಿರಬೇಕು. ಮೂರೂ ತಾಲೂಕುಗಳ ಆರೋಗ್ಯಾಧಿಕಾರಿಗಳು ಇದನ್ನು ಈ ಮಳೆಗಾಲದಲ್ಲೇ ಶುರುಮಾಡಬಹುದು.