ಪರವಾನಗಿ ಕಡತದಲ್ಲಿ ಮಣ್ಣಿಗೂ ಜಾಗವಿರಲಿ

ಸಂಪಾದಕರಿಗೆ,



ಎಲ್ಲಾದರೂ ಭೂಕಂಪವಾಗಿ ಕಟ್ಟಡಗಳು ನೆಲದಲ್ಲಿ ಹೂತ ಚಿತ್ರ ಬಂದಾಗ ಬೀದರ ಜಿಲ್ಲೆಯಲ್ಲಿ ಕೇಳಿಬರುವ ಸಮಾಧಾನ ಒಂದೇ: ನಮ್ಮದು ದಖ್ಖನ್ನಿನ ಕರಿಕಲ್ಲಿನ ನೆಲ, ಇಲ್ಲಿ ಹಾಗೆಲ್ಲ ಆಗದು. ಮನೆ ಕಟ್ಟುವಾಗ ಸೆಟ್‌ಬ್ಯಾಕ್ ಎಷ್ಟು, ಮಹಡಿ ಎಷ್ಟು, ರಸ್ತೆ ಎಷ್ಟಗಲ ಎಂದು ವಾದಿಸುವವರೂ ಬುನಾದಿಯ ಕೆಳಗೆ ಏನಿದೆ ಎಂದು ಕೇಳುವುದು ಅಪರೂಪ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡುಗಿದ ಲಾತೂರಿನ ಕಿಲ್ಲಾರಿ ಸೀಮೆಗೂ ನಕ್ಷೆ ಕೊಟ್ಟಿದ್ದು ಇದೇ ಭರವಸೆ. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ 1ನೇ ವಲಯ. 6.2 ತೀವ್ರತೆಯ ಕಂಪನ ಸುಮಾರು 10,000 ಜನರನ್ನು ಬಲಿ ಪಡೆದ ಮೇಲೆ, 2002ರ ಪರಿಷ್ಕರಣೆಯಲ್ಲಿ 1ನೇ ವಲಯವನ್ನೇ ಕೈಬಿಟ್ಟು ಆ ಪ್ರದೇಶವನ್ನು 3ಕ್ಕೆ ಸೇರಿಸಿದರು. ಅಲ್ಲಿಂದ ನಮ್ಮ ಭಾಲ್ಕಿ ನೇರ ಅಂತರದಲ್ಲಿ ಅರವತ್ತು-ಎಪ್ಪತ್ತು ಕಿ.ಮೀ. ಅಷ್ಟೆ. 2021ರ ಅಕ್ಟೋಬರ್‌ನಲ್ಲಿ ನೆರೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮತ್ತೆ ಮತ್ತೆ ನೆಲ ನಡುಗಿ ರಾತ್ರಿ ಬಯಲಲ್ಲಿ ಕಳೆದರು.

ಆದರೆ ಭಯವೂ ಅಳತೆಯಲ್ಲೇ ಇರಬೇಕು. ನೀರು ತುಂಬಿದ ಸಡಿಲ ಮರಳು ಅಲುಗಿದಾಗ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಕ್ಕೆ ಕಣದ ಆಸರೆ ತಪ್ಪಿ, ನೆಲ ಕೆಲಹೊತ್ತು ದ್ರವದಂತೆ ವರ್ತಿಸುತ್ತದೆ; ಇದೇ ದ್ರವೀಕರಣ. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ವಸತಿ ಕಟ್ಟಡಗಳು ಗೋಡೆ ಒಡೆಯದೆಯೇ ಹಿಂದಕ್ಕೆ ಒರಗಿದ್ದು ಹೀಗೆ. 2001ರಲ್ಲಿ ಕಚ್ಛ್‌ ಭೂಕಂಪಕ್ಕೆ ಕಾಂಡ್ಲಾ ಬಂದರಿನ ಕಚೇರಿ ಗೋಪುರ ವಾಲಿದ್ದೂ ಇದರಿಂದಲೇ, ಅದಕ್ಕೆ ಪೈಲ್ ಬುನಾದಿಯಿದ್ದರೂ. ಔರಾದ್, ಭಾಲ್ಕಿಯ ಎರೆಮಣ್ಣು ಈ ಜಾತಿಯದಲ್ಲ. ಅಂಟು ಜಾಸ್ತಿಯಿರುವ ಜೇಡಿ ಹೀಗೆ ದ್ರವವಾಗುವುದಿಲ್ಲ. ಬೀದರ ನಗರದ ಕೆಂಪು ಜಂಬಿಟ್ಟಿಗೆಯೂ ಅಷ್ಟೆ. ಅನುಮಾನ ಉಳಿಯುವುದು ಮಾಂಜ್ರಾ, ಕಾರಂಜಾ ದಂಡೆಗಳಲ್ಲಿ, ಹೊಳೆ ತಂದು ಹಾಕಿದ ಮರಳು-ಮೆಕ್ಕಲಿನ ಪಟ್ಟಿಯಲ್ಲಿ. ಕೆರೆ, ಕ್ವಾರಿ ಮುಚ್ಚಿ ಮಾಡಿದ ನಿವೇಶನಗಳದು ಬೇರೆ ಕಥೆ: ಅಲ್ಲಿ ತುಂಬಿದ್ದು ಮರಳೋ ಕಟ್ಟಡದ ಅವಶೇಷವೋ ಎಂಬುದು ತುಂಬಿದವರಿಗೇ ಗೊತ್ತು. ಮಳೆಗಾಲದ ಕೊನೆಗೆ ಅಂತರ್ಜಲ ಮೇಲೆ ಬಂದಾಗ ಇಂಥ ನೆಲ ಹೆಚ್ಚು ದುರ್ಬಲ. ಕಿಲ್ಲಾರಿ ನಡುಗಿದ್ದು ಸೆಪ್ಟೆಂಬರ್ ಕೊನೆಯಲ್ಲಿ ಎಂಬುದು ನೆನಪಿರಲಿ.

ಕಟ್ಟುವ ಮುನ್ನ ಮಣ್ಣು ಪರೀಕ್ಷಿಸಿ ಎಂಬ ಮಾತಿಗೆ ಬರುವ ಆಕ್ಷೇಪಗಳಲ್ಲಿ ಹುರುಳಿದೆ. ಕಿಲ್ಲಾರಿಯಲ್ಲಿ ಜನ ಸತ್ತದ್ದು ನೆಲ ಕರಗಿ ಅಲ್ಲ, ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಮಣ್ಣು ಹೇರಿದ ಮಾಳಿಗೆ ಕುಸಿದು. ನಿಜ, ನಮ್ಮ ಹಳ್ಳಿಗಳ ಹಳೆ ಮಾಳಿಗೆ ಮನೆಗಳನ್ನು ಬಲಪಡಿಸುವುದೇ ಮೊದಲ ಕೆಲಸ. ಇನ್ನೊಂದು, 6ರ ಸುತ್ತಿನ ಕಂಪನ ಕೇಂದ್ರದಿಂದ ಹತ್ತಿಪ್ಪತ್ತು ಕಿ.ಮೀ. ಆಚೆಗೆ ಸಾಮಾನ್ಯವಾಗಿ ಮರಳನ್ನು ದ್ರವವಾಗಿಸುವುದಿಲ್ಲ. ಕಿಲ್ಲಾರಿ ಮತ್ತೆ ನಡುಗಿದರೂ ಮಾಂಜ್ರಾ ದಂಡೆಗೆ ಏನೂ ಆಗದಿರಬಹುದು. ಅದೂ ನಿಜ. ಆದರೆ ಮುಂದಿನ ಕಂಪನ ಕಿಲ್ಲಾರಿಯಲ್ಲೇ ಆಗಬೇಕೆಂದು ಯಾರು ಹೇಳಿದರು? 1993ಕ್ಕೆ ಮುಂಚೆ ನಕ್ಷೆಯಲ್ಲಿ ಅದೂ ಅತಿ ಕಡಿಮೆ ಅಪಾಯದ ನೆಲವೇ ಆಗಿತ್ತು. ಎರೆಮಣ್ಣೂ ಪೂರ್ತಿ ನಿರಪರಾಧಿಯಲ್ಲ: ಬೇಸಿಗೆಯಲ್ಲಿ ಕುಗ್ಗಿ ಮಳೆಯಲ್ಲಿ ಉಬ್ಬಿ ಗೋಡೆಗೆ ಬಿರುಕು ಬಿಡಿಸುತ್ತದೆ, ಬಿರುಕು ಬಿಟ್ಟ ಗೋಡೆ ಅಲುಗಾಟ ತಾಳುವುದು ಕಡಿಮೆ. ಇನ್ನು ನಗರದೊಳಗೆ, ನೌಬಾದಿನ ಬಹಮನಿ ಕಾಲದ ಸುರಂಗ ಬಾವಿಗಳೇ ಹೇಳುತ್ತವೆ, ಜಂಬಿಟ್ಟಿಗೆ ನೀರು ಸೋಸುವ ರಂಧ್ರಮಯ ಪದರ ಎಂದು. ಅದನ್ನು ಅಖಂಡ ಬಂಡೆ ಎಂದುಕೊಂಡು ಬುನಾದಿ ಹಾಕುವುದು ಸರಿಯಲ್ಲ.

ಖರ್ಚಿನ ಮಾತು ಉಳಿಯಿತು. ಪ್ರತಿ ಎರಡು ಕೋಣೆಯ ಮನೆಗೂ ಬೋರ್ ಕೊರೆಸಿ ಎಂದರೆ ಅದು ಅನ್ಯಾಯ, ಲಂಚಕ್ಕೆ ಇನ್ನೊಂದು ಬಾಗಿಲು ಕೂಡ. ನನ್ನ ಒತ್ತಾಯ ಅಷ್ಟು ದೊಡ್ಡದಲ್ಲ. ಶಾಲೆ, ಆಸ್ಪತ್ರೆ, ಮೂರು ಮಹಡಿ ಮೀರಿದ ಕಟ್ಟಡ, ನದಿ ದಂಡೆಯ ಅಥವಾ ತುಂಬಿದ ಜಾಗದ ಹೊಸ ಬಡಾವಣೆ, ಇಷ್ಟಕ್ಕೆ ಮಣ್ಣು ಪರೀಕ್ಷೆ ಕಡ್ಡಾಯವಾಗಲಿ. ಪರೀಕ್ಷೆ ಹೊಸದೇನಲ್ಲ: ಕೊರೆದ ಗುಂಡಿಯಲ್ಲಿ 63.5 ಕೆ.ಜಿ. ತೂಕವನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುವುದು. ಅಂತರ್ಜಲದ ಕೆಳಗಿನ ಮರಳಿನಲ್ಲಿ, 3ನೇ ವಲಯದಲ್ಲಿ ಐದು ಮೀಟರ್ ಆಳದೊಳಗೆ ಆ ಎಣಿಕೆ 15 ಮುಟ್ಟದಿದ್ದರೆ ನೆಲ ಗಟ್ಟಿಮಾಡಬೇಕು ಎಂಬುದು ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಮಾನಕದ 2016ರ ಆವೃತ್ತಿಯಲ್ಲೇ ಇದೆ. ಅದೇ ಆವೃತ್ತಿಯಲ್ಲಿ ದ್ರವೀಕರಣ ಲೆಕ್ಕ ಹಾಕುವ ಕ್ರಮವೂ ಅನುಬಂಧವಾಗಿ ಸೇರಿದೆ. ಒಂದು ಎಚ್ಚರ ಬೇಕು. ಕಟ್ಟಡದ ಭಾರ ಸೇರಿಸದೆ ಬರೀ ಬಯಲು ನೆಲ ಎಷ್ಟು ಕುಸಿಯುತ್ತದೆ ಎಂದು ಲೆಕ್ಕ ಹಾಕಿ ಒಂದೆರಡು ಸೆಂ.ಮೀ. ಎಂದು ಬರೆದುಕೊಡುವ ವರದಿ ಸಾಲದು. 1999ರಲ್ಲಿ ಟರ್ಕಿಯ ಅಡಾಪಜಾರಿಯಲ್ಲಿ ಕಟ್ಟಡಗಳು ತಮ್ಮದೇ ಭಾರಕ್ಕೆ ಬುನಾದಿಯಡಿಯ ಮಣ್ಣನ್ನು ಪಕ್ಕಕ್ಕೆ ತಳ್ಳಿ ಕುಸಿದವು, ಕಿರಿದಾಗಿ ಎತ್ತರವಾಗಿದ್ದವು ವಾಲಿದವು.

ಸರ್ಕಾರಿ ಕಾಮಗಾರಿಗಳಿಗಾಗಿ ಜಿಲ್ಲೆಯಲ್ಲಿ ಕೊರೆದ ಗುಂಡಿಗಳ ವರದಿಗಳು ಸಂಬಂಧಪಟ್ಟ ಇಲಾಖೆಗಳ ಕಪಾಟುಗಳಲ್ಲೇ ಉಳಿಯಬಾರದು. ಜಿಲ್ಲಾಡಳಿತ ಅವುಗಳನ್ನು ಒಟ್ಟುಮಾಡಿ, ಬೀದರ, ಭಾಲ್ಕಿ, ಔರಾದ್‌ನ ಮಣ್ಣಿನ ನಕ್ಷೆಯನ್ನು ಸಾರ್ವಜನಿಕರಿಗೆ ಪ್ರಕಟಿಸಲಿ. ಮಾಂಜ್ರಾ ದಂಡೆಯಲ್ಲಿ ಮುಂದಿನ ಬಡಾವಣೆಗೆ ಅನುಮತಿ ಕೊಡುವ ಮುನ್ನವೇ ಈ ಕೆಲಸ ಆಗಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓದುಗ, ಬೀದರ