ಕ್ಯಾಲ್ಕುಲಸ್ ಬಳಸದ ಇನ್ನೊಂದು ದಿನ

‘ಕ್ಯಾಲ್ಕುಲಸ್ ಬಳಸದೇ ಇವತ್ತೂ ಒಂದು ದಿನ ಕಳೆದೆ’ ಅನ್ನೋ ಜೋಕು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ವರ್ಷಕ್ಕೆ ಎರಡು ಸಲವಾದರೂ ಬರುತ್ತೆ. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದವರೇ ಮೊದಲು ನಗೋದು. ನನಗೆ ಮಾತ್ರ ಸಿಟ್ಟು ಬರುತ್ತೆ. ಯಾಕೆ ಅಂತ ಹೇಳ್ತೀನಿ.

ಆ ಲೆಕ್ಕ ನೆನಪಿದೆಯಾ? ವೈ = ಎ ಎಕ್ಸ್² + ಬಿ ಎಕ್ಸ್ + ಸಿ ಅನ್ನೋ ವಕ್ರರೇಖೆ ಇಂಥ ಬಿಂದುವಿನ ಮೂಲಕ ಹೋಗುತ್ತೆ, ಇಲ್ಲಿ ಅದರ ಸ್ಲೋಪ್ ಇಷ್ಟು, ಅಲ್ಲಿ ಅಷ್ಟು; ಎ, ಬಿ, ಸಿ ಕಂಡುಹಿಡಿಯಿರಿ. ನಾವು ಮಾಡಿದ್ದೇನು? ಡಿರಿವೇಟಿವ್ ಅಂದ್ರೆ 2ಎ ಎಕ್ಸ್ + ಬಿ ಅಂತ ಮಗ್ಗಿ ಥರ ಒಪ್ಪಿಸಿ, ಬೆಲೆ ತುಂಬಿಸಿ, ಉತ್ತರಕ್ಕೆ ಡಬ್ಬಿ ಎಳೆದು ಎದ್ದು ಬಂದೆವು.

ಅದರೊಳಗಿದ್ದ ಮಾತು ಸರಳವಾಗಿತ್ತು. ಗೊತ್ತಿಲ್ಲದ ಸಂಖ್ಯೆ ಮೂರಿದ್ದರೆ ಮೂರು ಸುದ್ದಿ ಬೇಕು. ಗೆರೆ ಎಲ್ಲಿದೆ ಅನ್ನೋದನ್ನ ಬಿಂದು ಹೇಳುತ್ತೆ. ಅದು ಎತ್ತ ಹೊರಟಿದೆ ಅನ್ನೋದನ್ನ ಡಿರಿವೇಟಿವ್ ಹೇಳುತ್ತೆ. ಇದನ್ನ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಮನೆಗೆ ಹೋಗೋ ದಾರಿಯಲ್ಲಿನ ಅಂಡರ್‌ಪಾಸ್ ನೋಡಿ. ಒಂದು ಕಡೆಯಿಂದ ಇಳೀತೀರಿ, ಇನ್ನೊಂದು ಕಡೆ ಹತ್ತುತೀರಿ. ಎರಡು ಇಳಿಜಾರುಗಳನ್ನ ಹಾಗೇ ಕೂಡಿಸಿದರೆ ಮೂಲೆ ಬರುತ್ತೆ, ಗಾಡಿಯ ತಳ ಒರೆಯುತ್ತೆ. ಅದಕ್ಕೇ ನಡುವೆ ಒಂದು ಬಾಗು ಕೊಡ್ತಾರೆ. ರಸ್ತೆ ಎಂಜಿನಿಯರುಗಳು ಅಲ್ಲಿ ಸಾಮಾನ್ಯವಾಗಿ ಬಳಸೋದು ಇದೇ ಪ್ಯಾರಾಬೋಲಾ.

ಇಳಿಯೋ ಕಡೆ ನೂರು ಮೀಟರಿಗೆ 4 ಮೀಟರ್ ಇಳಿತ, ಹತ್ತೋ ಕಡೆ ನೂರಕ್ಕೆ 2 ಮೀಟರ್ ಏರು, ನಡುವಿನ ಬಾಗಿನ ಉದ್ದ 120 ಮೀಟರ್ ಅಂದ್ಕೊಳ್ಳಿ. ಬಾಗು ಶುರುವಾಗೋ ಜಾಗದಿಂದ ಅಳೆದರೆ ಸಿ ಸೊನ್ನೆ. ಅಲ್ಲಿನ ಸ್ಲೋಪೇ ಬಿ, ಅಂದ್ರೆ −0.04. ಆ ತುದಿಯಲ್ಲಿ 240ಎ − 0.04 = 0.02 ಆಗಬೇಕು; ಎ = 0.00025. ಮೂರು ಸುದ್ದಿ, ಮೂರು ಸಹಗುಣಕ. ಲೆಕ್ಕ ಮುಗೀತು, ಪರೀಕ್ಷೆಯಲ್ಲಾದರೆ.

ರಸ್ತೆಯಲ್ಲಿ ಮುಗಿಯಲ್ಲ. ಮಳೆ ನೀರು ನಿಲ್ಲೋದು ಎಲ್ಲಿ? ಸ್ಲೋಪ್ ಸೊನ್ನೆ ಆಗೋ ಕಡೆ. 0.0005 ಎಕ್ಸ್ = 0.04 ಅಂದ್ರೆ 80ನೇ ಮೀಟರಿನಲ್ಲಿ. ನಡುಮಧ್ಯ ಅಂತ ಕಣ್ಣಂದಾಜಿಗೆ 60ನೇ ಮೀಟರಿನಲ್ಲಿ ನೀರಿನ ಜಾಲರಿ ಕೂರಿಸಿದರೆ? ಅಲ್ಲಿನ ಆಳ 1.5 ಮೀಟರ್, 80ರಲ್ಲಿ 1.6. ಜಾಲರಿ ಎಷ್ಟೇ ಚೊಕ್ಕಟವಾಗಿದ್ದರೂ ಅದರಾಚೆ 10 ಸೆಂಟಿಮೀಟರ್ ನೀರು ನಿಂತೇ ನಿಲ್ಲುತ್ತೆ. ಸ್ಕೂಟರಿನವನಿಗೆ ಅದರೊಳಗಿನ ಗುಂಡಿ ಕಾಣಲ್ಲ.

2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಅಲ್ಲಿ ತಪ್ಪಿದ್ದು ಈ ಲೆಕ್ಕ ಅಂತ ನಾನು ಹೇಳ್ತಿಲ್ಲ. ಕಸ ಕಟ್ಟಿಕೊಂಡ ಮೋರಿಯನ್ನ ಯಾವ ಸಮೀಕರಣವೂ ತೆರವು ಮಾಡಲ್ಲ. ಆದರೆ ಮೂರು ದಿನ ಕಿಡಿಕಾರಿ ಮರೆತ ನಮ್ಮಲ್ಲಿ ಎಷ್ಟು ಜನ ಕೇಳಿದ್ವಿ, ನಮ್ಮ ಏರಿಯಾದ ಅಂಡರ್‌ಪಾಸಿನ ಅತಿ ತಗ್ಗಿನ ಜಾಗ ಯಾವುದು, ಜಾಲರಿ ಅಲ್ಲೇ ಇದೆಯಾ ಅಂತ? ಕೇಳೋಕೆ ಬೇಕಾದ ಗಣಿತ ಹದಿನೇಳನೇ ವಯಸ್ಸಿಗೇ ನಮ್ಮ ಕೈಯಲ್ಲಿತ್ತು.

‘ಅದನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತಲ್ಲ ಗುರೂ’ ಅಂತೀರಿ. ಮಾಡುತ್ತೆ. ಆದರೆ ಕಾಗದದ ಮೇಲಿನ 80, ಸೈಟಿನಲ್ಲಿ 60 ಆಗಿದ್ದನ್ನ ಅದು ಬಂದು ನೋಡಲ್ಲ. ನೋಡಬೇಕಾದವರು ನಾವು, ತೆರಿಗೆ ಕಟ್ಟಿ ಅದರ ಮೇಲೇ ಗಾಡಿ ಓಡಿಸೋರು.

ಮುಂದಿನ ಸಲ ಗ್ರೂಪಿನಲ್ಲಿ ಆ ಜೋಕು ಬಂದರೆ ನಗಿ, ಬೇಡ ಅನ್ನಲ್ಲ. ಆಮೇಲೆ ಮಳೆ ನಿಂತ ಮೇಲೆ ಒಂದು ಸಲ ನಿಮ್ಮ ಅಂಡರ್‌ಪಾಸಿನ ಹತ್ತಿರ ಹೋಗಿ ನೋಡಿ. ನೀರು ಎಲ್ಲಿ ನಿಂತಿದೆ, ಜಾಲರಿ ಎಲ್ಲಿದೆ. ಎರಡೂ ಬೇರೆ ಬೇರೆ ಕಡೆ ಇದ್ದರೆ ಫೋಟೋ ತೆಗೆದು ದೂರು ಕೊಡಿ.